ಚಕ್ರದ ಹೊಕ್ಕುಳಲ್ಲಿ ಹದಿನೆಂಟು ಗುಂಡುಗಳು

ಒಂಬತ್ತನೇ ತರಗತಿ ಓದುವ ನನ್ನ ಮೊಮ್ಮಗ ಒಂದು ಸಂಜೆ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದ. ಪಂಕ್ಚರ್ ಆಗಿರಬೇಕು ಅಂದುಕೊಂಡೆ. ಟೈರು ಒತ್ತಿ ನೋಡಿದರೆ ಗಾಳಿ ಗಟ್ಟಿಯಾಗಿಯೇ ಇತ್ತು. ಹಿಂದಿನ ಚಕ್ರ ಮಾತ್ರ ಈಗಷ್ಟೇ ನಡೆಯಲು ಕಲಿತ ಮಗುವಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಬ್ರೇಕಿನ ರಬ್ಬರಿಗೆ ತಾಗಿ ‘ಚರ್... ಚರ್...’ ಎನ್ನುತ್ತಿತ್ತು. ಸೈಕಲ್ ಕೊಂಡು ಹನ್ನೊಂದು ತಿಂಗಳಾಗಿತ್ತು, ಅಷ್ಟೆ. ಅದರಲ್ಲಿ ಇದು ಎರಡನೇ ಸಲ.

“ಶಾಪಿನವನು ಏನಂದ ಮಗಾ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದ.

ಏನಂದ ಎನ್ನುವುದು ಮರುದಿನ ಅವನ ಗೆಳೆಯನಿಂದ ಗೊತ್ತಾಯಿತು. ಚಕ್ರ ಬಿಚ್ಚಿ ನೋಡಿದ ಹುಡುಗ, ಅಲ್ಲಿ ನಿಂತಿದ್ದ ನಾಲ್ಕಾರು ಸಹಪಾಠಿಗಳ ಎದುರೇ, “ನಿನ್ನ ಸೈಜಿಗೆ ಸೈಕಲ್ ಹಬ್ ಸಾಲಲ್ಲ ಕಣಣ್ಣ, ಟ್ರ್ಯಾಕ್ಟರ್ ಹಬ್ ಹಾಕಿಸ್ಬೇಕು” ಅಂದನಂತೆ. ಎಲ್ಲರೂ ನಕ್ಕರಂತೆ. ಇವನೂ ನಕ್ಕನಂತೆ. ಅದಾದ ಮೇಲೆ ಹದಿನೈದು ದಿನ ಹುಡುಗ ಸೈಕಲ್ ಮುಟ್ಟಲಿಲ್ಲ. ಶಾಲೆಗೆ ಎರಡೂವರೆ ಕಿಲೋಮೀಟರು ನಡೆದೇ ಹೋದ.

“ನಡೆಯೋದೂ ಒಳ್ಳೇದೇ ಬಿಡಿ” ಎಂದಳು ಅವನ ಅಜ್ಜಿ. ಒಳ್ಳೆಯದೇ. ಆದರೆ ಅವನಿಗೆ ಸೈಕಲ್ ಕೊಡಿಸಿದ್ದೇ ವೈದ್ಯರು ಹೇಳಿದರೆಂದು. ತೂಕ ಸ್ವಲ್ಪ ಇಳಿಯಬೇಕು, ದಿನಾ ಸೈಕಲ್ ಹೊಡೆಯಲಿ ಅಂದಿದ್ದರು. ದಪ್ಪಗಿದ್ದೀಯ, ಸೈಕಲ್ ಹೊಡಿ ಎನ್ನುವವರೂ ನಾವೇ. ದಪ್ಪಗಿದ್ದೀಯ, ಸೈಕಲ್ ತಡೆಯಲ್ಲ ಎನ್ನುವವರೂ ನಾವೇ. ನಡುವೆ ಹದಿನಾಲ್ಕು ವರ್ಷದ ಹುಡುಗ ಏನು ಮಾಡಬೇಕು?

ನನಗೆ ಇನ್ನೊಂದು ವಿಷಯವೂ ಕೊರೆಯುತ್ತಿತ್ತು. ನಾನು ಅಂಚೆಯಣ್ಣನಾಗಿದ್ದವನು. ಅರಸೀಕೆರೆ ಸುತ್ತಿನ ಹಳ್ಳಿಗಳಿಗೆ ಮೂವತ್ತೊಂದು ವರ್ಷ ಸೈಕಲ್ಲಿನಲ್ಲೇ ಕಾಗದ ಹಂಚಿದ್ದೇನೆ. ನಾನೇನು ಕಡ್ಡಿಪೈಲ್ವಾನನಲ್ಲ, ಈಗ ನನ್ನ ತೂಕ ಎಂಬತ್ತೆಂಟು ಕಿಲೋ, ಆಗಲೂ ಎಂಬತ್ತರ ಮೇಲೇ ಇದ್ದೆ. ಅದರ ಮೇಲೆ ಚೀಲ, ಮನಿಯಾರ್ಡರ್ ದಿನಗಳಲ್ಲಿ ಊಟದ ಡಬ್ಬಿ, ವಾಪಸು ಬರುವಾಗ ಹಳ್ಳಿಯವರು ಪ್ರೀತಿಯಿಂದ ಹೇರುತ್ತಿದ್ದ ತೆಂಗಿನಕಾಯಿ. 1979ರಲ್ಲಿ ಕೊಂಡ ಆ ಕಪ್ಪು ಸೈಕಲ್ಲಿನ ಹಿಂದಿನ ಹಬ್ಬು ಇವತ್ತಿಗೂ ಅದೇ. ನಡುವಿನ ಆಕ್ಸಲ್ ಎರಡು ಸಲ ಬದಲಾಗಿದೆ, ಗುಂಡುಗಳು ಎಷ್ಟು ಸಲವೋ ಲೆಕ್ಕವಿಲ್ಲ. ಮೊಮ್ಮಗನ ತೂಕ ಎಪ್ಪತ್ತೆಂಟು. ನನ್ನನ್ನು ಹೊತ್ತ ಹಬ್ಬಿಗೆ ಅವನು ಭಾರವೇ? ತಪ್ಪು ತೂಕದ್ದೋ, ಹಬ್ಬಿನದ್ದೋ?

ಒಂದು ಭಾನುವಾರ ಚಕ್ರವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಹಳೆಯ ಮೇಸ್ತ್ರಿಯ ಅಂಗಡಿಗೆ ಹೋದೆ. ಮೊಮ್ಮಗನನ್ನೂ ಬಿಡದೆ ಎಳೆದುಕೊಂಡು ಹೋದೆ.

ಒಳಗೇನಿದೆ?

ಎತ್ತಿನ ಗಾಡಿ ಕಂಡ ಅಜ್ಜ–ಅಜ್ಜಿಯರಿಗೆ ಹಬ್ಬು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಗಾಡಿ ಚಕ್ರದ ನಟ್ಟನಡುವೆ ಮರದ ಗುಂಬ ಇರುತ್ತಿತ್ತಲ್ಲ, ಅರೆಗಳೆಲ್ಲ ಬಂದು ಚುಚ್ಚಿಕೊಳ್ಳುತ್ತಿದ್ದ ದಪ್ಪ ದಿಮ್ಮಿ, ಅದೇ ಇದು. ಸಂಸ್ಕೃತದಲ್ಲಿ ಇದಕ್ಕೆ ನಾಭಿ ಎನ್ನುತ್ತಾರೆ. ಹೊಕ್ಕುಳಿಗೂ ಅದೇ ಹೆಸರು. ಗಾಡಿಯಲ್ಲಿ ಗುಂಬದ ತೂತಿನೊಳಗೆ ಕಬ್ಬಿಣದ ಅಚ್ಚು ತೂರಿರುತ್ತಿತ್ತು. ಉಜ್ಜದಿರಲೆಂದು ಕೀಲೆಣ್ಣೆ ಬಳಿಯುತ್ತಿದ್ದರು. ಆದರೂ ‘ಕಿರ್ರ್’ ಎನ್ನುತ್ತಿತ್ತು.

ಸೈಕಲ್ಲಿನಲ್ಲಿ ಆ ಕಿರ್ರ್ ಇಲ್ಲ. ಯಾಕೆಂದರೆ ಹಬ್ಬಿನ ಡೋಲಿಗೂ ನಡುವಿನ ಆಕ್ಸಲಿಗೂ ನೇರ ಸಂಬಂಧವೇ ಇಲ್ಲ; ಮಧ್ಯೆ ಉಕ್ಕಿನ ಗುಂಡುಗಳಿವೆ. ಮೇಸ್ತ್ರಿ ನನ್ನ ಹಳೆಯ ಸೈಕಲ್ಲಿನದೇ ಮಾದರಿಯ ಒಂದು ಹಬ್ಬನ್ನು ಬಿಚ್ಚಿ ತಟ್ಟೆಗೆ ಸುರಿದರು. ಎರಡು ಬದಿಗೂ ಒಂದೊಂದು ಉಕ್ಕಿನ ಬಟ್ಟಲು. ಪ್ರತಿ ಬಟ್ಟಲಲ್ಲಿ ಗ್ರೀಸಿನಲ್ಲಿ ಮುಳುಗಿದ ಒಂಬತ್ತು ಗುಂಡು, ಒಂದೊಂದೂ ಕಾಲು ಅಂಗುಲ ದಪ್ಪ. ಒಟ್ಟು ಹದಿನೆಂಟು. ಅವು ಚೆಲ್ಲದಂತೆ ಒತ್ತಿ ಹಿಡಿಯಲು ಆಕ್ಸಲಿನ ಮರೆಗೆ ತಿರುಗಿಸಿ ಕೂರಿಸುವ ‘ಕೋನು’ ಎಂಬ ಬಿಲ್ಲೆ. ಮುಂದಿನ ಚಕ್ರಕ್ಕೆ ಸಾಮಾನ್ಯವಾಗಿ ಇನ್ನೂ ಸಣ್ಣ ಗುಂಡು, ಬದಿಗೆ ಹತ್ತರಂತೆ.

ಮಕ್ಕಳೇ, ಇಲ್ಲೊಂದು ತಮಾಷೆ ಗಮನಿಸಿ. ಸೈಕಲ್ ಓಡುವಾಗ ಆಕ್ಸಲ್ ತಿರುಗುವುದಿಲ್ಲ. ಅದು ಫ್ರೇಮಿಗೆ ನಟ್ಟಿನಿಂದ ಬಿಗಿದು ನಿಂತಿರುತ್ತದೆ. ಸುತ್ತುವುದು ಹಬ್ಬಿನ ಡೋಲು ಮಾತ್ರ. ನೀವು ಕೂತಾಗ ನಿಮ್ಮ ಭಾರವೆಲ್ಲ ಸೀಟಿನಿಂದ ಫ್ರೇಮಿಗೆ, ಫ್ರೇಮಿನಿಂದ ಆಕ್ಸಲಿಗೆ, ಆಕ್ಸಲಿನಿಂದ ಆ ಗುಂಡುಗಳಿಗೆ ಇಳಿಯುತ್ತದೆ. ಅದೂ ಎಲ್ಲ ಗುಂಡುಗಳಿಗೆ ಸಮವಾಗಿ ಅಲ್ಲ. ಆ ಕ್ಷಣಕ್ಕೆ ಕೆಳಭಾಗದಲ್ಲಿ ಇರುವ ಎರಡು ಮೂರು ಗುಂಡುಗಳಿಗೆ. ಮರುಕ್ಷಣ ಅವು ಸರಿದು ಬೇರೆಯವು ಬರುತ್ತವೆ, ಹೆಣ ಹೊರುವವರು ಹೆಗಲು ಬದಲಿಸುವ ಹಾಗೆ. (ಉಪಮೆ ಶುಭವಲ್ಲ ಎಂದು ನನ್ನವಳು ಗೊಣಗಿದಳು. ಪಲ್ಲಕ್ಕಿ ಎಂದಿಟ್ಟುಕೊಳ್ಳಿ.)

ಈ ಗುಂಡುಗಳ ಉಪಾಯ ನಿನ್ನೆ ಮೊನ್ನೆಯದಲ್ಲ. ಫ್ರಾನ್ಸಿನ ಸುರಿರೇ ಎಂಬಾತ 1869ರಲ್ಲಿ ಸೈಕಲ್ಲಿನ ಗುಂಡು ಬೇರಿಂಗಿಗೆ ಪೇಟೆಂಟ್ ಪಡೆದ. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರೂಆಂ ಊರಿಗೆ ನೂರಿಪ್ಪತ್ತಕ್ಕೂ ಹೆಚ್ಚು ಕಿಲೋಮೀಟರಿನ ಸ್ಪರ್ಧೆ ನಡೆಯಿತು. ಅದರಲ್ಲಿ ಗೆದ್ದ ಜೇಮ್ಸ್ ಮೂರ್‌ನ ಸೈಕಲ್ಲಿನಲ್ಲಿ ಇದ್ದದ್ದು ಇಂಥ ಗುಂಡುಗಳೇ. ಡನ್‌ಲಪ್ ಗಾಳಿ ಟೈರು ಮಾಡಿದ್ದು 1888ರಲ್ಲಿ. ಅಂದರೆ ಸೈಕಲ್ಲಿಗೆ ಗಾಳಿ ಬರುವುದಕ್ಕೂ ಹತ್ತೊಂಬತ್ತು ವರ್ಷ ಮುಂಚೆಯೇ ಗುಂಡು ಬಂದಿತ್ತು.

ಭಾರ ಹೊತ್ತವರು

ಮೇಸ್ತ್ರಿಗೆ ಟ್ರ್ಯಾಕ್ಟರ್ ಹಬ್ಬಿನ ಮಾತು ಹೇಳಿದೆ. ಅವರು ನಗಲಿಲ್ಲ. ಎಲೆ ಅಡಿಕೆ ಉಗಿದು ಬಂದು, “ನೋಡಪ್ಪ” ಎಂದು ಮೊಮ್ಮಗನನ್ನೇ ಉದ್ದೇಶಿಸಿ ಮಾತಾಡಿದರು. “ಹಾಲಿನವರು ಸೈಕಲ್ಲಿಗೆ ಕ್ಯಾನ್ ಕಟ್ಕೊಂಡು ಹೋಗೋದು ನೋಡಿಲ್ವಾ? ನಲವತ್ತು ಲೀಟ್ರದ್ದು ಎರಡು. ಹಾಲೇ ಎಷ್ಟು ತೂಗ್ತದೆ ಲೆಕ್ಕ ಹಾಕು.”

ಒಂದು ಲೀಟರ್ ಹಾಲು ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ, ಸುಮಾರು 1.03 ಕಿಲೋ. ಎಂಬತ್ತು ಲೀಟರಿಗೆ 82 ಕಿಲೋ ದಾಟಿತು. ಕ್ಯಾನಿನ ತೂಕ ಬೇರೆ, ಸವಾರನ ತೂಕ ಬೇರೆ. “ಗ್ಯಾಸಿನವರು?” ಎಂದರು ಮೇಸ್ತ್ರಿ. ಮನೆಯ ಸಿಲಿಂಡರಿನಲ್ಲಿ ಗ್ಯಾಸು 14.2 ಕಿಲೋ, ಖಾಲಿ ಸಿಲಿಂಡರ್ ಅದಕ್ಕಿಂತ ಒಂದು ಕೈ ಹೆಚ್ಚು. ತುಂಬಿದ್ದು ಮೂವತ್ತರ ಹತ್ತಿರ. ಕ್ಯಾರಿಯರಿನ ಎರಡು ಬದಿಗೆ ನೇತುಹಾಕಿದರೆ ಅರವತ್ತು. ಎಲ್ಲ ಹಿಂದಿನ ಚಕ್ರದ ಮೇಲೆಯೇ. ಹುಡುಗ ಮನಸ್ಸಿನಲ್ಲೇ ಕೂಡಿಸುತ್ತಿದ್ದುದು ಅವನ ತುಟಿ ನೋಡಿದರೆ ಗೊತ್ತಾಗುತ್ತಿತ್ತು.

ದೊಡ್ಡ ಲೆಕ್ಕ ಬೇಕೆನ್ನುವವರಿಗೆ ವಿಯೆಟ್ನಾಮಿನ ಕಥೆ ಇದೆ. 1954ರಲ್ಲಿ ದಿಯೆನ್ ಬಿಯೆನ್ ಫು ಕಣಿವೆಯಲ್ಲಿ ಫ್ರೆಂಚ್ ಸೇನೆಯನ್ನು ಮುತ್ತಿದ ವಿಯೆಟ್ನಾಮಿಗಳು ಕಾಡಿನ ದಾರಿಯಲ್ಲಿ ಅಕ್ಕಿ, ಮದ್ದುಗುಂಡು ಸಾಗಿಸಿದ್ದರಲ್ಲಿ ಸೈಕಲ್ಲುಗಳ ಪಾಲು ದೊಡ್ಡದು. ಹ್ಯಾಂಡಲಿಗೆ ಬಿದಿರು ಕಟ್ಟಿ, ಒಂದೊಂದರ ಮೇಲೆ ಇನ್ನೂರು ಕಿಲೋಗೂ ಹೆಚ್ಚು ಹೇರಿದ್ದರು. ಏರಿ ಕೂರುತ್ತಿರಲಿಲ್ಲ, ತಳ್ಳಿಕೊಂಡು ಹೋಗುತ್ತಿದ್ದರು, ಅದು ನಿಜ. ಆದರೂ ಹಬ್ಬಿನ ಮೇಲಿನ ಹೊರೆ ಹೊರೆಯೇ ತಾನೆ?

ಹಾಗಾದರೆ ಎಪ್ಪತ್ತೆಂಟು ಕಿಲೋದ ಹುಡುಗನ ಕೆಳಗೆ ಆರು ತಿಂಗಳಿಗೊಂದು ಆಕ್ಸಲ್ ಬಾಗುವುದೇಕೆ?

ತೆಂಗಿನ ಕಡ್ಡಿಯ ಪರೀಕ್ಷೆ

ಮೇಸ್ತ್ರಿ ಮೊಮ್ಮಗನ ಚಕ್ರದಿಂದ ಆಕ್ಸಲ್ ಎಳೆದು ಗಾಜಿನ ಮೇಲೆ ಉರುಳಿಸಿದರು. ನೆಟ್ಟಗಿದ್ದರೆ ಸರಾಗ ಉರುಳಬೇಕಾದ ಸರಳು ಕುಂಟುತ್ತ ಹೋಯಿತು. ಬಾಗಿದ್ದದ್ದು ಬಲಗಡೆ, ಅಂದರೆ ಚೈನಿನ ಕಡೆ. “ಯಾವಾಗಲೂ ಇಲ್ಲೇ ಬಾಗೋದು ಸಾರ್. ಮುರಿಯೋದೂ ಇಲ್ಲೇ.”

ಇದರ ಕಾರಣ ಅರ್ಥವಾಗಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದುಕೊಳ್ಳಿ (ಅಜ್ಜಿಯನ್ನು ಕೇಳಿಯೇ). ಒಂದು ಗೇಣು ದೂರದಲ್ಲಿ ಎರಡು ಲೋಟ ಇಟ್ಟು ಅದರ ಮೇಲೆ ಕಡ್ಡಿ ಅಡ್ಡ ಹಾಕಿ. ಬೀಗದ ಕೈ ಗೊಂಚಲನ್ನು ದಾರಕ್ಕೆ ಕಟ್ಟಿ, ಮೊದಲು ಲೋಟದ ಅಂಚಿಗೆ ತೀರ ಹತ್ತಿರ ನೇತುಹಾಕಿ. ಕಡ್ಡಿ ಬಾಗಿತೇ? ಇಲ್ಲವೆಂದರೂ ನಡೆದೀತು. ಈಗ ಅದೇ ಗೊಂಚಲನ್ನು ಕಡ್ಡಿಯ ನಡುವಿಗೆ ಸರಿಸಿ. ಬಿಲ್ಲಿನಂತೆ ಬಾಗುತ್ತದೆ. ಭಾರ ಅದೇ, ಕಡ್ಡಿ ಅದೇ. ಬದಲಾದದ್ದು ಭಾರಕ್ಕೂ ಆಸರೆಗೂ ನಡುವಿನ ದೂರ ಮಾತ್ರ.

ಲೋಟದ ಜಾಗದಲ್ಲಿ ಸೈಕಲ್ಲಿನ ಫ್ರೇಮಿನ ತುದಿಗಳನ್ನೂ, ಗೊಂಚಲಿನ ಜಾಗದಲ್ಲಿ ಗುಂಡುಗಳ ಬಟ್ಟಲನ್ನೂ ಇಟ್ಟು ನೋಡಿ. ನನ್ನ ಹಳೆಯ ಸೈಕಲ್ಲಿಗೆ ಗೇರಿಲ್ಲ. ಹಿಂದೆ ಒಂದೇ ಹಲ್ಲಿನ ಚಕ್ರ, ನಾವು ‘ಫ್ರೀವೀಲ್’ ಅನ್ನುವುದು. ಅದು ತೆಳ್ಳಗಿರುವುದರಿಂದ ಬಟ್ಟಲು ಫ್ರೇಮಿನ ಹತ್ತಿರವೇ ಕೂರುತ್ತದೆ. ನಾನು ಸ್ಕೇಲ್ ಇಟ್ಟು ಅಳೆದಾಗ ನಡುವಿನ ದೂರ ಎರಡು ಸೆಂಟಿಮೀಟರು. ಮೊಮ್ಮಗನ ಸೈಕಲ್ಲಿಗೆ ಹಿಂದೆ ಏಳು ಗೇರು. ಏಳು ಹಲ್ಲಿನ ಚಕ್ರಗಳ ಗೊಂಚಲನ್ನು ಹಬ್ಬಿನ ಬಲ ಅಂಚಿಗೆ ಮರೆಯಿಂದ ತಿರುಗಿಸಿ ಕೂರಿಸಿದ್ದಾರೆ. ಅಷ್ಟು ಜಾಗ ಮಾಡಿಕೊಡಲು ಬಟ್ಟಲು ಒಳಕ್ಕೆ ಸರಿದಿದೆ. ದೂರ ನಾಲ್ಕು ಸೆಂಟಿಮೀಟರಿಗೆ ಹತ್ತಿರ. ಎಡಗಡೆ ಈ ತೊಂದರೆ ಇಲ್ಲ, ಅದಕ್ಕೇ ಎಡಗಡೆ ಬಾಗುವುದೂ ಇಲ್ಲ.

ದೂರ ಎರಡು ಪಟ್ಟಾದರೆ ಅದೇ ಭಾರಕ್ಕೆ ಬಾಗಿಸುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆಕ್ಸಲಿನ ದಪ್ಪ ಮಾತ್ರ ಎರಡರಲ್ಲೂ ಒಂದೇ, ಒಂದು ಸೆಂಟಿಮೀಟರಿನ ಆಸುಪಾಸು. ಅಂದರೆ ಐವತ್ತು ಕಿಲೋದ ಹುಡುಗನಿಗೆ ತಡೆದುಕೊಳ್ಳುವ ಜೋಡಣೆಯನ್ನು ಎಲ್ಲರಿಗೂ ಕೊಟ್ಟು, ಎಪ್ಪತ್ತೆಂಟು ಕಿಲೋದವನು ಕೂತಾಗ ಬಾಗಿದರೆ ಅವನನ್ನು ಬೈಯುತ್ತಾರೆ.

ಹಾಗೆಂದು ಗೇರಿನ ಸೈಕಲ್ಲುಗಳೆಲ್ಲ ಹೀಗೇ ಎಂದಲ್ಲ. ಈ ತೊಂದರೆಯನ್ನು ಕಂಡುಹಿಡಿದು ಪರಿಹರಿಸಿ ಬಹಳ ಕಾಲವಾಯಿತು. ಇಂಗ್ಲೆಂಡಿನ ಬೇಲಿಸ್–ವೈಲಿ ಕಂಪನಿ 1938ರಲ್ಲೇ ಫ್ರೀವೀಲನ್ನು ಹಬ್ಬಿನೊಳಗೆ ಸೇರಿಸಿ, ಬಲಗಡೆಯ ಗುಂಡುಗಳನ್ನು ಗೇರಿನ ಹೊರತುದಿಗೆ ತಂದಿತ್ತು. ಜಪಾನಿನ ಶಿಮಾನೋ 1978ರಲ್ಲಿ ಅದನ್ನೇ ಸುಧಾರಿಸಿ ಮಾರುಕಟ್ಟೆಗೆ ತಂದಿತು. ಈಗ ಅಂಗಡಿಯಲ್ಲಿ ‘ಕ್ಯಾಸೆಟ್ ಹಬ್’ ಎಂದು ಕೇಳಿದರೆ ಸಿಗುವುದು ಅದೇ. ಆದರೆ ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಇಂದಿಗೂ ಸಾಮಾನ್ಯವಾಗಿ ಬರುವುದು ಹಳೆಯ ಮರೆ ಫ್ರೀವೀಲೇ. ಅಗ್ಗವಾಗುತ್ತದೆ, ಅಷ್ಟೆ.

ಸ್ನಾನದ ಮನೆಯ ಕಾಟಾ

ಆ ದಿನ ಮನೆಗೆ ಬಂದ ಮೇಲೆ ಹುಡುಗ ತಾನಾಗಿಯೇ ಒಂದು ಕೆಲಸ ಮಾಡಿದ. ವೈದ್ಯರು ಹೇಳಿದರೆಂದು ತಂದಿಟ್ಟಿದ್ದ ತೂಕದ ಯಂತ್ರ ನಮ್ಮ ಸ್ನಾನದ ಮನೆಯ ಮೂಲೆಯಲ್ಲಿತ್ತು. ಅದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಮ್ಮೆ ಮಂಚದ ಕೆಳಗೆ ಬಚ್ಚಿಟ್ಟಿದ್ದೂ ಉಂಟು. ಅವತ್ತು ತಾನೇ ಎತ್ತಿಕೊಂಡು ಅಂಗಳಕ್ಕೆ ಬಂದ. ನನ್ನ ಸೈಕಲ್ಲಿನ ಹಿಂದಿನ ಚಕ್ರ ಕಳಚಿ ತನ್ನದಕ್ಕೆ ಹಾಕಲಾಗದೆ ಗೊಣಗಿ, ಕೊನೆಗೆ ಬಾಗಿದ ಚಕ್ರವನ್ನೇ ತಾತ್ಕಾಲಿಕವಾಗಿ ಹಾಕಿದ. ಹಿಂದಿನ ಚಕ್ರದ ಕೆಳಗೆ ಕಾಟಾ, ಮುಂದಿನದರ ಕೆಳಗೆ ಅಷ್ಟೇ ಎತ್ತರದ ಇಟ್ಟಿಗೆ. ನಾನು ಹ್ಯಾಂಡಲ್ ಹಿಡಿದೆ, ಅವನು ಹತ್ತಿ ಕೂತ, ಅಜ್ಜಿ ಕನ್ನಡಕ ಹಾಕಿಕೊಂಡು ಅಂಕಿ ಓದಿದಳು.

ಹುಡುಗ 78, ಸೈಕಲ್ 17, ಒಟ್ಟು 95. ಹಿಂದಿನ ಚಕ್ರದ ಮೇಲೆ 59. ಇಟ್ಟಿಗೆ–ಕಾಟಾ ಅದಲುಬದಲು ಮಾಡಿದಾಗ ಮುಂದಿನ ಚಕ್ರದ ಮೇಲೆ 36. “ಹಿಂದಿನದ್ದಕ್ಕೆ ಪಾಪ ಜಾಸ್ತಿ” ಎಂದಳು ಅಜ್ಜಿ. ನನ್ನ ಸೈಕಲ್ಲಿನಂತೆ ಬೆನ್ನು ನೆಟ್ಟಗೆ ಇಟ್ಟು ಕೂರುವ ಜಾತಿಯಲ್ಲಿ ಹಿಂದಿನ ಪಾಲು ಇನ್ನೂ ಹೆಚ್ಚು, ಮೂರರಲ್ಲಿ ಎರಡರ ಹತ್ತಿರ.

ಇಷ್ಟಕ್ಕೇ ಮುಗಿಯಲಿಲ್ಲ. ಚೈನಿನ ಎಳೆತ ಒಂದಿದೆಯಲ್ಲ! ಪೆಡಲಿನ ಕೋಲು ಅಳೆದೆವು, 17 ಸೆಂಟಿಮೀಟರು. ಮುಂದಿನ ಹಲ್ಲುಚಕ್ರದ ನಡುವಿನಿಂದ ಚೈನಿನವರೆಗೆ ಎಂಟೂವರೆ. ಸರಿಯಾಗಿ ಅರ್ಧ. ಸನ್ನೆಗೋಲಿನ ಪಾಠ ಓದಿದವರಿಗೆ ಗೊತ್ತು: ಪೆಡಲನ್ನು ಎಷ್ಟು ಒತ್ತಿದರೆ ಚೈನನ್ನು ಅದರ ಎರಡು ಪಟ್ಟು ಎಳೆದಂತೆ. ಮಾಲೇಕಲ್ಲು ತಿರುಪತಿ ರಸ್ತೆಯಲ್ಲಿ ಏರು ಬಂದಾಗ ಹುಡುಗ ಸೀಟು ಬಿಟ್ಟು ಎದ್ದು, ಮೈಭಾರವೆಲ್ಲ ಒಂದು ಪೆಡಲಿನ ಮೇಲೆ ಹಾಕುತ್ತಾನೆ. 78ರ ಎರಡು ಪಟ್ಟು 156 ಕಿಲೋ. ಈ ಎಳೆತ ಬೀಳುವುದು ಹಬ್ಬಿನ ಬಲಗಡೆಗೆ, ಆಸರೆ ದೂರವಿರುವ ಅದೇ ಬಡಪಾಯಿ ಜಾಗಕ್ಕೆ.

ಅದರ ಮೇಲೆ ನಮ್ಮ ರಸ್ತೆಗಳು. ಗುಂಡಿಗೆ ಚಕ್ರ ಇಳಿದಾಗ, ಹಂಪ್ ಹಾರಿದಾಗ ಕ್ಷಣಮಾತ್ರ ಭಾರ ಹಲವು ಪಟ್ಟು ಏರುತ್ತದೆ. ಒಂದು ಏಟಿಗೆ ಆಕ್ಸಲ್ ಮುರಿಯುವುದು ಅಪರೂಪ. ಸಣ್ಣ ಸಣ್ಣ ಏಟು ಸಾವಿರ ಸಲ ಬಿದ್ದು, ಮರೆಯ ಗೀರಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ದಿನಾ ಒಂದಿಷ್ಟು ಬೆಳೆದು, ಕೊನೆಗೊಂದು ದಿನ ಏನೂ ಇಲ್ಲದ ಸಪಾಟು ರಸ್ತೆಯಲ್ಲಿ ‘ಟಕ್’ ಎನ್ನುತ್ತದೆ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತ ಹೋದರೆ ತುಂಡಾಗುತ್ತದಲ್ಲ, ಹಾಗೆ. ಲೋಹಕ್ಕೂ ದಣಿವಾಗುತ್ತದೆ ಎನ್ನುವುದನ್ನು ಜಗತ್ತು ಕಲಿತದ್ದು ದೊಡ್ಡ ಬೆಲೆ ಕೊಟ್ಟು. 1842ರ ಮೇ ತಿಂಗಳಲ್ಲಿ ವರ್ಸಾಯಿಯಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರು ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು, ಎಷ್ಟು ಭಾರಕ್ಕೆ ಎಷ್ಟು ಸುತ್ತು ಬಾಳುತ್ತದೆ ಎಂದು ಪಟ್ಟಿ ಮಾಡಿದರು. ಜಂಕ್ಷನ್ ಊರಿನಲ್ಲಿ ಬೆಳೆದ ಹುಡುಗನಿಗೆ ರೈಲಿನ ಕಥೆ ಕಿವಿಗೆ ಬಿದ್ದರೆ ಸಾಕು. ಆ ರಾತ್ರಿ ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಮೇಸ್ತ್ರಿ ಮಾಡಿದ ರಿಪೇರಿ

ಕ್ಯಾಸೆಟ್ ಹಬ್ ಹಾಕಿಸಿದರೆ ಹಬ್ಬು, ಗೇರಿನ ಗೊಂಚಲು, ಹೊಸ ಕಡ್ಡಿ, ಚಕ್ರ ಕಟ್ಟುವ ಕೂಲಿ ಎಲ್ಲ ಸೇರಿ ಸೈಕಲ್ಲಿನ ಬೆಲೆಗೆ ಸಾಕಷ್ಟು ಹತ್ತಿರ ಹೋಗುತ್ತಿತ್ತು. “ಬೇಡ ಸಾರ್, ಇರೋದ್ರಲ್ಲೇ ನೋಡೋಣ” ಎಂದರು ಮೇಸ್ತ್ರಿ.

ಮೊದಲು ಅವರು ನೋಡಿದ್ದು ಹಬ್ಬನ್ನಲ್ಲ, ಫ್ರೇಮನ್ನು. ಆಕ್ಸಲ್ ಕೂರುವ ಎರಡು ತುದಿಗಳು ಒಂದಕ್ಕೊಂದು ಎದುರುಬದುರು ನೆಟ್ಟಗಿರಬೇಕು. ಬಲಗಡೆಯದು ಒಂದಿಷ್ಟು ಒಳಕ್ಕೆ ತಿರುಚಿತ್ತು. ಹಾಗಿದ್ದರೆ ನಟ್ಟು ಬಿಗಿದ ಕ್ಷಣದಲ್ಲೇ, ಯಾರೂ ಹತ್ತಿ ಕೂರುವ ಮುಂಚೆಯೇ, ಆಕ್ಸಲ್ ಬಾಗಲು ಶುರು. ಮೊದಲ ಸಲ ಆಕ್ಸಲ್ ಬದಲಿಸಿದ ಅಂಗಡಿಯಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ಬಾಗಿದ್ದನ್ನು ತೆಗೆದು ಹೊಸದನ್ನು ಅದೇ ಸೊಟ್ಟ ಬಾಯಿಗೆ ಬಿಗಿದು ಕಳಿಸಿದ್ದರು.

ಆಮೇಲೆ ಆಕ್ಸಲ್. ಅಂಗಡಿಯಲ್ಲಿ ಎರಡು ಜಾತಿ ಇದ್ದವು. ನೋಡಲು ಒಂದೇ, ಬೆಲೆಯಲ್ಲಿ ನಾಲ್ಕು ಟೀ ಕುಡಿಯುವಷ್ಟು ವ್ಯತ್ಯಾಸ. ಒಂದರ ಮೇಲೆ ಅರ ಹಾಕಿದರೆ ಪುಡಿ ಸಲೀಸಾಗಿ ಉದುರಿತು. ಇನ್ನೊಂದರ ಮೇಲೆ ಅರ ಜಾರಿತು. ಜಾರಿದ್ದನ್ನೇ ಆರಿಸಿದರು. ಹಳೆಯ ಕೋನಿನ ಮೇಲೆ ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದವು, ಅದೂ ಹೋಯಿತು. ಹಬ್ಬಿನಲ್ಲಿದ್ದ ಗುಂಡುಗಳು ತಗಡಿನ ಬಳೆಯಲ್ಲಿ ಕೂತಿದ್ದವು, ಬದಿಗೆ ಏಳೇ ಏಳು. ಬಳೆಯಿದ್ದರೆ ಜೋಡಿಸುವವರಿಗೆ ಸುಲಭ, ಆದರೆ ಬಳೆಯೇ ಜಾಗ ತಿನ್ನುತ್ತದೆ. ಬಳೆ ಎಸೆದು, ಬಿಡಿ ಗುಂಡು ಒಂಬತ್ತೊಂಬತ್ತು ಗ್ರೀಸಿನಲ್ಲಿ ಅಂಟಿಸಿ ಕೂರಿಸಿದರು. ಅದೇ ಭಾರಕ್ಕೆ ಹೆಗಲು ಹೆಚ್ಚಾಯಿತು.

ಕೋನು ಬಿಗಿಯುವುದೇ ನಿಜವಾದ ಕಸುಬು. ಹೆಚ್ಚು ಬಿಗಿದರೆ ಗುಂಡುಗಳು ಬಟ್ಟಲನ್ನು ತಿನ್ನುತ್ತವೆ, ಸಡಿಲ ಬಿಟ್ಟರೆ ಪ್ರತಿ ಗುಂಡಿಗೂ ಸುತ್ತಿಗೆಯಂತೆ ಕುಟ್ಟುತ್ತವೆ. ಮೇಸ್ತ್ರಿ ಬಿಗಿದು, ತಿರುಗಿಸಿ, ಕಾಲು ಸುತ್ತು ಬಿಟ್ಟು, ಮತ್ತೆ ಬಿಗಿದು, ಕಣ್ಣು ಮುಚ್ಚಿ ಬೆರಳಿನಿಂದ ಆಕ್ಸಲ್ ತಿರುಗಿಸಿ ನೋಡಿದರು. ವೀಣೆ ಶ್ರುತಿ ಮಾಡುವವರೂ ಹೀಗೇ ಮಾಡುವುದನ್ನು ನೋಡಿದ್ದೇನೆ. ಎಲ್ಲ ಸೇರಿ ಬಿಲ್ಲು ಮುನ್ನೂರೈವತ್ತು ರೂಪಾಯಿ. ಟ್ರ್ಯಾಕ್ಟರ್ ಬಿಡಿಭಾಗ ಯಾವುದೂ ಬೇಕಾಗಲಿಲ್ಲ.

ಇದು ಶಾಶ್ವತ ಪರಿಹಾರವೇ? ಅಲ್ಲ. ಬಲಗಡೆಯ ಆ ನಾಲ್ಕು ಸೆಂಟಿಮೀಟರು ಹಾಗೇ ಇದೆ. ಮೇಸ್ತ್ರಿಯೂ ಅದನ್ನು ಮುಚ್ಚಿಡಲಿಲ್ಲ. “ಗುಂಡಿ ಬಂದಾಗ ಸೀಟಿಂದ ಒಂಚೂರು ಏಳಪ್ಪ, ಮೊಣಕಾಲು ಸಡಿಲ ಬಿಡು. ಏರಿನಲ್ಲಿ ಎದ್ದು ತುಳಿಯೋ ಬದಲು ಗೇರ್ ಇಳಿಸಿ ಕೂತೇ ತುಳಿ. ಟೈರಿಗೆ ಗಾಳಿ ಕಡಿಮೆ ಬಿಡಬೇಡ” ಎಂದರು. ಹುಡುಗ ಮಾತ್ರ, ತಾನು ಇಷ್ಟು ದಿನ ಗೇರ್ ಬದಲಿಸಿಯೇ ಇರಲಿಲ್ಲ ಎಂದು ಆಗ ಒಪ್ಪಿಕೊಂಡ! ಏಳು ಗೇರಿಗೆ ದುಡ್ಡು ಕೊಟ್ಟು ಒಂದೇ ಗೇರಿನಲ್ಲಿ ಓಡಿಸಿದವರು ನಮ್ಮ ಮನೆಯಲ್ಲಿ ಮಾತ್ರವೇ ಇರಲಾರರು.

ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ನನ್ನಂತೆ ನಿವೃತ್ತಿಯ ಮೇಲೆ ಮತ್ತೆ ಸೈಕಲ್ ಏರಬಯಸುವ ದಪ್ಪ ಮೈಯವರಿಗೆ, ನನ್ನ ಅನಿಸಿಕೆ ನೇರವಾದದ್ದು. ನಿಮ್ಮ ಊರು ಸಪಾಟಾಗಿದ್ದರೆ ಗೇರಿನ ಗೊಡವೆಯೇ ಬೇಡ. 2006–07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಲು ಶುರು ಮಾಡಿದಾಗ ಕೊಟ್ಟದ್ದೂ ಗೇರಿಲ್ಲದ್ದೇ. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಕಡ್ಡಿ ಎಣಿಸಿ. ನಮ್ಮ ಹಳೆಯ ಕಪ್ಪು ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40. ಹಿಂದಿನ ಚಕ್ರಕ್ಕೆ 36ಕ್ಕಿಂತ ಕಡಿಮೆ ಇದ್ದರೆ ನಾನಂತೂ ಕೊಳ್ಳುವುದಿಲ್ಲ. ಗೇರು ಬೇಕೇ ಬೇಕೆಂದರೆ ‘ಮರೆ ಫ್ರೀವೀಲೋ, ಕ್ಯಾಸೆಟ್ಟೋ?’ ಎಂದು ಕೇಳಿ. ‘ಸೀಲ್ಡ್ ಬೇರಿಂಗ್’ ಎಂಬ ಮಾತಿಗೆ ಮರುಳಾಗಬೇಡಿ. ಧೂಳು, ನೀರು ಒಳಗೆ ಹೋಗದಂತೆ ಅದು ತಡೆಯುತ್ತದೆ, ಒಳ್ಳೆಯದೇ. ಆದರೆ ಬಟ್ಟಲು ಒಳಗೆ ಕೂತಿದ್ದರೆ ಸೀಲು ಹಾಕಿದ ಮಾತ್ರಕ್ಕೆ ಹೊರಗೆ ಬರುವುದಿಲ್ಲ.

ಮನೆಯಲ್ಲಿರುವ ಸೈಕಲ್ಲನ್ನು ಪರೀಕ್ಷಿಸಲು ಪಾನಾ ಕೂಡ ಬೇಡ. ರಿಮ್ಮನ್ನು ಮೇಲ್ಗಡೆ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ‘ಕಟಕಟ’ ಎಂದರೆ ಕೋನು ಸಡಿಲ. ಚಕ್ರ ಎತ್ತಿ ಮೆಲ್ಲಗೆ ತಿರುಗಿಸಿ ಬಿಡಿ. ಗಾಳಿ ತುಂಬುವ ಮೂತಿ ಇಳಿದು, ತೊಟ್ಟಿಲಿನಂತೆ ನಾಲ್ಕು ಸಲ ಹಿಂದೆ ಮುಂದೆ ತೂಗಿ ನಿಲ್ಲಬೇಕು. ಥಟ್ಟನೆ ನಿಂತರೆ ಬಿಗಿ ಹೆಚ್ಚು ಅಥವಾ ಗ್ರೀಸು ಒಣಗಿದೆ. ಹಿಂದಿನ ಚಕ್ರವಾದರೆ ಚೈನು ಇಳಿಸಿ ನೋಡಿ. ಹಿಂದೆಲ್ಲ ಹಬ್ಬಿನ ಬೆನ್ನ ಮೇಲೆ ಎಣ್ಣೆ ತೂತು, ಅದಕ್ಕೊಂದು ತಗಡಿನ ಮುಚ್ಚಳ ಇರುತ್ತಿತ್ತು. ವಾರಕ್ಕೆರಡು ತೊಟ್ಟು ಬಿಟ್ಟರೆ ಮುಗಿಯಿತು. ನಡುವೆ ಬಣ್ಣದ ಕುಚ್ಚಿನ ಬಳೆ ಹಾಕುತ್ತಿದ್ದೆವು, ಚಕ್ರ ತಿರುಗಿದ ಹಾಗೆ ಹಬ್ಬನ್ನು ತಾನೇ ಒರೆಸಿ ಥಳಥಳ ಮಾಡುತ್ತಿತ್ತು. ಈಗ ಆ ತೂತು ಅಪರೂಪ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಬೇಕು. ನಮ್ಮ ಊರಿನ ಸೈಕಲ್ ಶಾಪುಗಳಲ್ಲಿ ಇದಕ್ಕೆ ‘ಓವರಾಯಿಲ್’ ಎಂದೇ ಹೆಸರು.

ನಮ್ಮ ಮನೆಯಲ್ಲಿ ಅದು ಆಯುಧಪೂಜೆಯ ಹಿಂದಿನ ದಿನ. ಈ ಸಲ ಹಬ್ಬಕ್ಕೆ ನನ್ನ ಹಬ್ಬನ್ನು ಬಿಚ್ಚಿದವನು ಮೊಮ್ಮಗ. ರಿಪೇರಿಯಾಗಿ ಏಳು ತಿಂಗಳು. ಅವನ ಆಕ್ಸಲ್ ಗಾಜಿನ ಮೇಲೆ ಇನ್ನೂ ಸರಾಗ ಉರುಳುತ್ತದೆ. ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತಾನೆ. ತೂಕ ಎಷ್ಟಾಯಿತು ಎಂದು ನಾನು ಕೇಳಿಲ್ಲ.

ಅಂಗಳದಲ್ಲಿ ಹಳೇ ಪೇಪರ್ ಹಾಸಿ, ಸೀಮೆಎಣ್ಣೆ ಬಟ್ಟಲಲ್ಲಿ ಗುಂಡು ತೊಳೆದು ಸಾಲಾಗಿ ಇಡುತ್ತಿದ್ದವನು ಇದ್ದಕ್ಕಿದ್ದಂತೆ ಕೂಗಿದ.

“ತಾತಾ, ಹದಿನೇಳೇ ಇದೆ!”

ಹೇಗಿದ್ದರೂ ಎಲ್ಲವನ್ನೂ ಹೊಸದು ಹಾಕುವುದೇ ಕಣೋ, ಬಿಡು ಎಂದೆ. ಕೇಳಬೇಕಲ್ಲ. ತುಳಸಿ ಕಟ್ಟೆಯ ಸುತ್ತ, ಬಚ್ಚಲ ಮೋರಿಯವರೆಗೆ ಮಂಡಿಯೂರಿ ಹುಡುಕಿದ. ಅರ್ಧ ಗಂಟೆಯ ಮೇಲೆ ಅಜ್ಜಿ ಸೆರಗಿಗೆ ಕೈ ಒರೆಸುತ್ತ ಬಂದು, “ನನ್ನ ರಂಗೋಲಿ ಡಬ್ಬಿಯಲ್ಲಿ ಇದೇನೋ ಟಣ್ ಅಂತಿದೆ, ನೋಡ್ರೋ” ಎಂದಳು.